ಪುತ್ಸೋವಾ

ದಿನಾ ಸಂಜೆ ಅದಕ್ಕೆ ಹೊಸ ಜನ್ಮ.
ಗುಂಡಿ ಒತ್ತಿದರೆ ಮೊದಲ ಪ್ರಶ್ನೆ: ನಿನ್ನ ಭಾಷೆ ಯಾವುದು?
ಆಮೇಲೆ: ನೀನಿರುವುದು ಯಾವ ದೇಶದ ಹೊತ್ತಿನಲ್ಲಿ?
ಗಡಿಯಾರದ ಸೆಲ್ಲು ಸತ್ತು ವರ್ಷಗಳಾದವು,
ಅದರ ಲೆಕ್ಕದಲ್ಲಿ ಇವತ್ತೂ
ಎರಡು ಸಾವಿರದ ಎರಡು, ಜನವರಿ ಒಂದು.
ಹೊರಗೆ ಜೂನ್ ತಿಂಗಳ ಹಿಮ
ಸೆಮೊಂಕೋಂಗಿನ ತಗಡುಗಳ ಮೇಲೆ.

ಡರ್ಬನ್ನಿನ ಯಾವುದೋ ಬ್ಯಾಂಕು ಎಸೆದ ಯಂತ್ರ.
ಹಾರ್ಡ್ ಡಿಸ್ಕು ಕಿತ್ತಿಟ್ಟುಕೊಂಡೇ ಕೊಟ್ಟರು,
ಒಳಗೆ ಖಾಲಿ ಗೂಡು.
ಆದರೂ ಏಳುತ್ತದೆ, ಹೆಬ್ಬೆರಳುದ್ದದ ಪೆನ್ ಡ್ರೈವಿನಿಂದ.
ಇಡೀ ಸಂಸಾರ ಮೆಮೊರಿಯ ಬಯಲಿಗಿಳಿದು
ಬಿಡಾರ ಹೂಡುತ್ತದೆ ನೋಡನೋಡುತ್ತಲೇ.
ಮುಚ್ಚಿದರೆ ಮುಗಿಯಿತು,
ಒಲೆಯ ಬೂದಿಯೂ ಉಳಿಯುವುದಿಲ್ಲ.
ಹಗುರವಾದದ್ದಕ್ಕೇ ಓಡುತ್ತದೆ,
ಹಗುರವಾದದ್ದಕ್ಕೇ ಮರೆಯುತ್ತದೆ.

ಹಗಲು ನಾನು ಅಂಚೆ ಕಚೇರಿಯಲ್ಲಿ ಪೊಟ್ಟಣ ತೂಗುವವಳು,
ರಾತ್ರಿ ದನಗಾಹಿ ಹುಡುಗರಿಗೆ ಓದು ಕಲಿಸುವ ಮ್ಮೆ.

ತ್ಸೆಲಿಸೋ ಎಡಚ.
ಕವಣೆ ಬೀಸಿದರೆ ಎಡಗೈ, ಕೋಲು ಹಿಡಿದರೆ ಎಡಗೈ,
ಮೌಸನ್ನು ಇಲಿ ಅನ್ನುತ್ತಾರೆ ಹುಡುಗರು,
ಆ ಇಲಿ ಹಿಡಿಯಲಿಕ್ಕೂ ಎಡಗೈಯೇ.
ಗುಂಡಿಗಳು ಅದಲುಬದಲಾಗಬೇಕು,
ಅಕ್ಷರ ಹೆಬ್ಬೆಟ್ಟಿನಷ್ಟು ದಪ್ಪ ಬೇಕು,
ದಿನಾ ನಾನು ಮೊದಲಿನಿಂದ ಅದನ್ನೇ ಮಾಡಬೇಕು.
ಬ್ಯಾಟರಿ ಇರುವುದು ಒಂದೂವರೆ ಗಂಟೆ,
ಅದರಲ್ಲಿ ಕಾಲು ಗಂಟೆ ಒಬ್ಬನ ಎಡಗೈಗೇ ಹೋಯಿತೆಂದು
ಮೊಹಾಪಿಯ ತಕರಾರು.

ಕೊನೆಗೊಂದು ರಾತ್ರಿ ಮುಚ್ಚುವಾಗ
ಅದು ಕೇಳಿದ್ದಕ್ಕೆ ಕಿವಿಗೊಟ್ಟೆ.
ಉಳಿಸಿಕೊಳ್ಳಲೇ?
ಎಷ್ಟು ಸಲ ಕೇಳಿತ್ತೋ ಪಾಪ,
ಎಷ್ಟು ಸಲ ಬೇಡ ಎಂದಿದ್ದೆನೋ ಚಾರ್ಜು ಮುಗಿಯುವ ದಿಗಿಲಿನಲ್ಲಿ.
ಹೂಂ ಅಂದೆ.
ಎಲ್ಲಿ? ಇದೇ ಪೆನ್ ಡ್ರೈವಿನಲ್ಲಿ.
ಎಷ್ಟು ಜಾಗ? ಐನೂರ ಹನ್ನೆರಡು ಎಂಬಿ.
ಹೆಸರು?

ಪುತ್ಸೋವಾ, ಎಂದ ತ್ಸೆಲಿಸೋ ಬೆನ್ನ ಹಿಂದಿನಿಂದ.
ಅವನದಲ್ಲ, ಅವನ ಬೂದು ಎತ್ತಿನ ಹೆಸರು,
ಮಂಜು ಕವಿದಾಗಲೂ ಹಾದಿ ತಪ್ಪದ್ದು,
ಉಳಿದ ದನ ಅದರ ಬಾಲ ನೋಡಿಕೊಂಡೇ ಮನೆ ಸೇರುವುದು.
ಸರಿ, ಎತ್ತಿನ ಹೆಸರೇ ಇರಲಿ.

ಹುಡುಗರಿಗೆ ಹೇಳಿಕೊಟ್ಟೆ:
ಇದು ಬರೆದುಕೊಳ್ಳುವುದು ಹೊರಡುವ ಹೊತ್ತಿನಲ್ಲಿ.
ತಟ್ಟನೆ ವಯರು ಕಿತ್ತರೆ ಇವತ್ತಿನದೆಲ್ಲ ನೀರುಪಾಲು.
ಹೋಗಿಬರುತ್ತೇನೆ ಅನ್ನಬೇಕು,
ಅದು ಆಗಲಿ ಅನ್ನುವ ತನಕ ಹೊಸ್ತಿಲಲ್ಲೇ ನಿಲ್ಲಬೇಕು.
ಅವತ್ತಿನಿಂದ ಮೊಹಾಪಿ ಪರದೆಗೆ
'ಸಾಲಾ ಹಾನ್ತ್ಲೆ' ಹೇಳದೆ ಎದ್ದವನಲ್ಲ.
ಹೊರಡುವವರು ಉಳಿಯುವವರಿಗೆ ಹೇಳುವ ಮಾತು ಅದು.
ಇಲ್ಲಿ ಹೊರಡುವುದು ಯಾರು, ಉಳಿಯುವುದು ಯಾರು
ಎಂದು ಒಂದು ವಾರ ಜಗಳ ನಡೆಯಿತು.

ಸೆಪ್ಟೆಂಬರಿನಲ್ಲಿ ಎತ್ತರದ ಹುಲ್ಲು ಚಿಗುರಿತು,
ದನ ಹೊಡೆದುಕೊಂಡು ಬೆಟ್ಟ ಹತ್ತಿದರು ಎಲ್ಲರೂ.
ಪೆನ್ ಡ್ರೈವು ನನ್ನ ಕಂಬಳಿಯ ಪಿನ್ನಿನಲ್ಲಿ ನೇತಾಡಿತು.
ಯಾರೂ ಇಲ್ಲದ ಮಧ್ಯಾಹ್ನ ಅಂಚೆ ತಕ್ಕಡಿಗೆ ಹಾಕಿದೆ:
ಒಂಬತ್ತು ಗ್ರಾಂ.
ಕಡತ ಇಲ್ಲದಾಗ ತೂಗಿದ್ದೆ, ಆಗಲೂ ಒಂಬತ್ತೇ.

ಮೇ ತಿಂಗಳಲ್ಲಿ ಇಳಿದು ಬಂದ. ದನಿ ಒಡೆದಿತ್ತು.
ಎತ್ತು? ಎಂದೆ.
ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಕಳ್ಳರು ಬಂದಿದ್ದರು,
ಅವರ ಹತ್ತಿರ ಬಂದೂಕಿತ್ತು, ಅಂದ.
ಬೆಂಚಿನ ಮೇಲೆ ಕೂತ.

ಯಂತ್ರ ಎದ್ದಿತು.
ಭಾಷೆ ಕೇಳಲಿಲ್ಲ, ದೇಶ ಕೇಳಲಿಲ್ಲ,
ತಾರೀಖು ಮಾತ್ರ ಅದೇ ಹಳೆಯ ಜನವರಿ, ಅದಕ್ಕೆ ಕಡತದಲ್ಲಿ ಮದ್ದಿಲ್ಲ.
ಕಪ್ಪು ಪರದೆಯಲ್ಲಿ ಒಂದು ಬಿಳಿ ಸಾಲು:
ಪುತ್ಸೋವಾ ಸಿಕ್ಕಿತು. ತೆರೆಯುತ್ತಿದ್ದೇನೆ.

ಅವನೇ ಓದಿದ, ಯಾರೂ ಹೇಳಿಕೊಡದೆ,
ತುಟಿಯಾಡಿಸುತ್ತ.
ಸಾಲು ಸರಿದು ಹೋದ ಮೇಲೂ ಅಲ್ಲೇ ನೋಡುತ್ತಿದ್ದ.

ಎಡಗೈ ಇಲಿಯ ಮೇಲೆ ಬಿತ್ತು, ಗುಂಡಿ ಮಾತು ಕೇಳಿತು.
ಎಷ್ಟೋ ಹೊತ್ತಿಗೆ,
ಮ್ಮೆ, ಅಕ್ಷರ ಯಾಕಿಷ್ಟು ದಪ್ಪ, ಸಣ್ಣದು ಮಾಡಿ, ಎಂದ.
ಮಾಡಿದೆ. ಇನ್ನೂ, ಎಂದ.

ಹೆಸರು ಬದಲಿಸೋಣವೇ ಎನ್ನಬೇಕೆಂದಿದ್ದೆ.
ಸೋಲಾರ್ ಫಲಕದ ಮೇಲೆ ಹಿಮ, ಬ್ಯಾಟರಿ ಹನ್ನೊಂದಕ್ಕಿಳಿದಿತ್ತು.
ಅದು ಕೇಳುತ್ತಿತ್ತು, ಉಳಿಸಿಕೊಳ್ಳಲೇ?
ಬಾಗಿಲಲ್ಲಿ ನಿಂತ ಮೊಹಾಪಿ
ಬೇಗ, ಬೇಗ, ಎನ್ನುತ್ತಿದ್ದ.